ಅಳುಮೋರೆಯ ಈಕ್ವಲೈಸರ್

ಮಹಾಬಲ ಆಳ್ವರು ಇಪ್ಪತ್ತು ವರ್ಷ ದೂತರಾಗಿದ್ದರು.

ವಾರದ ದಿನಗಳಲ್ಲಿ ಅವರು ಪಣಂಬೂರಿನ ಬಂದರು ಕಚೇರಿಯ ಗುಮಾಸ್ತರು. ಬಂದ ಹಡಗು, ಹೋದ ಹಡಗು, ಬರುತ್ತೇನೆಂದು ತಂತಿ ಕೊಟ್ಟು ಬಾರದೇ ಹೋದ ಹಡಗು, ಇವುಗಳ ಲೆಕ್ಕ ಬರೆಯುವ ಕೆಲಸ. ಭಾನುವಾರ ಬಂತೆಂದರೆ ಬೋಳಾರದ ಭಜನಾ ಮಂದಿರದ ತಾಳಮದ್ದಳೆ ಕೂಟದಲ್ಲಿ ದೂತ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಬಿಳಿ ಪಂಚೆ ಉಟ್ಟು ಸಾಲಾಗಿ ಕುಳಿತ ಅರ್ಥಧಾರಿಗಳು ರಾಜರೂ ಋಷಿಗಳೂ ಆಗಿ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಇರುವ ಬಂಡವಾಳ ದನಿ ಒಂದೇ. ಆ ದನಿಯೇ ಇಲ್ಲದವನಿಗೆ ಕೊಡುವುದೇನು? ದೂತನ ಅರ್ಥ, ಅಂದರೆ ದೂತನ ಪಾಲಿನ ಮಾತು. "ಅಪ್ಪಣೆ, ಪ್ರಭು" ಎಂದು ಕೈಮುಗಿದರೆ ಮುಗಿಯಿತು. ಮತ್ತೆ ಚಹಾ ಬರುವವರೆಗೆ ಸುಮ್ಮನೆ ಕೂರಬಹುದು.

ಆಳ್ವರಿಗೆ ದನಿ ಇಲ್ಲವೆಂದು ಮೊದಲು ತೀರ್ಪು ಕೊಟ್ಟದ್ದು ಮಂದಿರದವರಲ್ಲ, ಹೆತ್ತ ತಾಯಿ ರತ್ನಾವತಿಯಮ್ಮ. ಅವರ ಅಣ್ಣ ಒಂದು ಕಾಲದ ದೊಡ್ಡ ಅರ್ಥಧಾರಿ. ಅವರು ಬೋಳಾರದಲ್ಲಿ ಗರ್ಜಿಸಿದರೆ ನೇತ್ರಾವತಿಯ ಆಚೆ ಉಳ್ಳಾಲದಲ್ಲಿ ತೊಟ್ಟಿಲಿನ ಮಕ್ಕಳು ಏಳುತ್ತಿದ್ದರಂತೆ. ಉಳ್ಳಾಲದವರನ್ನು ಯಾರೂ ವಿಚಾರಿಸಿರಲಿಲ್ಲ, ಆ ಮಾತು ಬೇರೆ. ಬಂಟರ ಅಳಿಯಕಟ್ಟಿನಲ್ಲಿ ಮಾವನ ಸೊತ್ತು ಸೋದರಳಿಯನಿಗೆ ಬರಬೇಕು. ಗದ್ದೆಯೆಲ್ಲ ಭೂಮಸೂದೆಯಲ್ಲಿ ಒಕ್ಕಲಿನವರಿಗೆ ಹೋಯಿತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ದನಿಗೆ ಯಾವ ಮಸೂದೆಯೂ ಇರಲಿಲ್ಲವಲ್ಲ? ಅದಾದರೂ ಅಳಿಯನಿಗೆ ದಕ್ಕಬೇಕಿತ್ತು.

"ಅಣ್ಣನ ದನಿ ಯಾವ ಬಾವಿಗೆ ಬಿತ್ತೋ," ಎಂದು ರತ್ನಾವತಿಯಮ್ಮ ನೆಂಟರ ಮುಂದೆಯೇ ಹೇಳುತ್ತಿದ್ದರು. "ಇವ ಮಾತಾಡಿದರೆ ಪಕ್ಕದ ಕೋಣೆಯಲ್ಲಿ ಯಾರೋ ಲೋಟ ತೊಳೆದ ಹಾಗೆ ಕೇಳ್ತದೆ."

ಒಮ್ಮೆಯಾದರೂ ಕೂಟಕ್ಕೆ ಬನ್ನಿ ಅಮ್ಮಾ ಎಂದು ಮಗ ಕರೆದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು. "ದೂತನ ಅರ್ಥ ಕೇಳ್ಲಿಕ್ಕೆ ರಿಕ್ಷಾ ಎಂತಕ್ಕೆ? ಮನೆಯಲ್ಲೇ ಹೇಳು, 'ಅಪ್ಪಣೆ' ಅಂತ. ನಾನು ಒಂದೆರಡು ಕೆಲಸ ಹೇಳ್ತೇನೆ."

ಹೀಗಿರುವಾಗ ಎಂಬತ್ತೈದನೇ ಇಸವಿಯಲ್ಲಿ, ಮಂದಿರದ ವಾರ್ಷಿಕೋತ್ಸವದ ಮಧ್ಯಾಹ್ನದ ಕೂಟಕ್ಕೆ ರಾಜನ ಅರ್ಥ ಹೇಳಬೇಕಾಗಿದ್ದವರ ಬಸ್ಸು ಉಪ್ಪಿನಂಗಡಿಯಲ್ಲಿ ಕೆಟ್ಟು ನಿಂತಿತು. ಭಾಗವತರು ಅರ್ಥಧಾರಿಗಳ ಸಾಲನ್ನು ಈ ತುದಿಯಿಂದ ನೋಡುತ್ತಾ ಹೋದರು. ಕಣ್ಣು ಕೊನೆಯಲ್ಲಿದ್ದ ದೂತನ ಮೇಲೆ ನಿಂತಿತು. ಇನ್ನೂ ಮುಂದೆ ಹೋಗೋಣವೆಂದರೆ ಅಲ್ಲಿ ಗೋಡೆ ಇತ್ತು.

"ಆಳ್ವರೇ, ಇವತ್ತು ನೀವೇ ರಾಜ."

ರಾಜನೆಂದರೆ ಗೆದ್ದ ರಾಜನಲ್ಲ. ಯುದ್ಧದಲ್ಲಿ ಸೋತು, ಕೈಗೆ ಹಗ್ಗ ಬಿದ್ದು, ಶತ್ರುವಿನ ಮುಂದೆ ನಿಂತವನು. ಇಪ್ಪತ್ತು ವರ್ಷ ಬೇರೆಯವರ ಅರ್ಥ ಕೇಳಿ ಕೇಳಿ ಹೊಟ್ಟೆಯಲ್ಲಿ ಕಟ್ಟಿಕೊಂಡದ್ದೆಲ್ಲ ಆ ಮಧ್ಯಾಹ್ನ ಹೊರಗೆ ಬಂತು. ಪ್ರಸಂಗದಲ್ಲಿ ಇಲ್ಲದ ಒಂದು ಸಂಗತಿಯನ್ನೂ ಆಳ್ವರು ಸೇರಿಸಿದರು: ಸೆರೆಗೆ ಹೋಗುವ ಮೊದಲು ರಾಜ ದೂತನನ್ನು ಕರೆದು ತನ್ನ ತಾಯಿಗೆ ಸುದ್ದಿ ಕಳುಹಿಸುವ ಮಾತು. ಒಂದು ಸಾಲು ಎಸೆದು ದೂತನನ್ನು ಓಡಿಸುವ ರಾಜರನ್ನು ಕಂಡು ಬೇಸತ್ತವರಾದ್ದರಿಂದ ಇವರು ಧಾರಾಳವಾಗಿಯೇ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು.

ಮನೆಗೆ ಬಂದು ಹೇಳಿದರೆ ರತ್ನಾವತಿಯಮ್ಮ ಎಲೆಯಡಿಕೆ ಕುಟ್ಟುವುದನ್ನೂ ನಿಲ್ಲಿಸಲಿಲ್ಲ.

"ನೀನು? ರಾಜ? ಬೇರೆ ಯಾರೂ ಸಿಗ್ಲಿಲ್ವಾ ಅವರಿಗೆ?"

"ಜನ ಚಪ್ಪಾಳೆ ಹೊಡೆದರು ಅಮ್ಮಾ."

"ಮುಗೀತಲ್ಲ ಅಂತ ಹೊಡೆದಿರಬಹುದು. ನನ್ನ ಕಿವಿಗೆ ಬೀಳಲಿ, ಆಗ ನೋಡುವ."

ಕಿವಿಗೆ ಬೀಳಿಸುವ ದಾರಿ ಇತ್ತು. ಇದೆಯೆಂದು ಆಳ್ವರು ನಂಬಿದ್ದರು. ಅವರ ಹೆಂಡತಿ ಶಶಿಪ್ರಭಾಳ ಅಣ್ಣ ಗುಣಪಾಲ, ದುಬೈಯ ಹೋಟೆಲೊಂದರಲ್ಲಿ ಸ್ಟೋರ್ ಕೀಪರ್, ಆಗ ರಜೆಯಲ್ಲಿ ಊರಿಗೆ ಬಂದಿದ್ದ. ಹಿಂದಿನ ರಜೆಯಲ್ಲಿ ತಂಗಿಯ ಮನೆಗೆಂದು ಅವನು ತಂದುಕೊಟ್ಟ ಸ್ಟೀರಿಯೋ ಚಾವಡಿಯಲ್ಲಿ ಕುಳಿತಿತ್ತು. ಒಂದು ಕ್ಯಾಸೆಟ್ ಡೆಕ್, ಒಂದು ಆಂಪ್ಲಿಫೈಯರ್, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿಯಷ್ಟು ತೂಕದ ಎರಡು ಸ್ಪೀಕರ್. ಸ್ಪೀಕರುಗಳ ತಲೆಯ ಮೇಲೆ ಶಶಿಪ್ರಭಾ ಕ್ರೋಶಾ ಹೆಣಿಗೆಯ ಬಟ್ಟೆ ಹಾಸಿ ಪ್ಲಾಸ್ಟಿಕ್ ಹೂವು ಇಟ್ಟಿದ್ದಳು. ಈ ಸಲ ಗುಣಪಾಲ ರೇಡಿಯೋ, ಟೇಪು ಎರಡೂ ಸೇರಿದ ಹೊಸ ಟೂ-ಇನ್-ವನ್ ತಂದಿದ್ದ, ಎರಡು ಬದಿಗೂ ಮೈಕಿನ ಪುಟ್ಟ ತೂತು ಇರುವಂಥದ್ದು. ಆಳ್ವರ ಅರ್ಥವನ್ನು ಆದಿಯಿಂದ ಅಂತ್ಯದವರೆಗೆ ಅದರಲ್ಲೇ ರೆಕಾರ್ಡ್ ಮಾಡಿದ್ದ.

ತಪ್ಪಾದದ್ದು ಮರ್ಯಾದೆಯಲ್ಲಿ. ನಮ್ಮೂರಿನಲ್ಲಿ ಗಲ್ಫಿನಿಂದ ಬಂದ ಮನುಷ್ಯನಿಗೆ ಮುಂದಿನ ಸಾಲಿನ ಕುರ್ಚಿ. ಗಲ್ಫಿನಿಂದ ಬಂದ ವಸ್ತುವಿಗೆ ಅದಕ್ಕಿಂತ ಒಂದು ಕೈ ಹೆಚ್ಚು. ಮಂದಿರದವರು ಟೂ-ಇನ್-ವನ್ನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮಲ್ಲಿಗೆ ಹಾಕಿ, ಎಲ್ಲರಿಗೂ ಕಾಣಲೆಂದು ಅದರ ಮುಖವನ್ನು ಸಭೆಗೆ ತಿರುಗಿಸಿದರು. ಬೆನ್ನು ಅರ್ಥಧಾರಿಗಳ ಕಡೆಗಾಯಿತು. ಪರದೇಶದ ಮಾಲು, ಸೆಕೆ ತಡೆಯಲಿಕ್ಕಿಲ್ಲ ಎಂದು ಯಾರೋ ಹೇಳಿದ್ದೇ ತಡ, ಇದ್ದ ಒಂದೇ ಸ್ಟ್ಯಾಂಡ್ ಫ್ಯಾನನ್ನು ಭಾಗವತರ ಬಳಿಯಿಂದ ಎತ್ತಿ ತಂದು ಅದರ ಮುಂದೆ ನಿಲ್ಲಿಸಿದರು. ಮರುಭೂಮಿಯಿಂದ ಬಂದದ್ದಕ್ಕೆ ಬೋಳಾರದ ಸೆಕೆ ಯಾವ ಲೆಕ್ಕ ಎಂದು ಯಾರಿಗೂ ಹೊಳೆಯಲಿಲ್ಲ. ಭಾಗವತರು ಬೆವರುತ್ತಾ ಹಾಡಿದರು, ಯಂತ್ರ ತಂಪಾಗಿ ಕೇಳಿತು. ಮಕ್ಕಳು ಮುಟ್ಟಬಾರದೆಂದು ಗುಣಪಾಲ ತನ್ನ ಕುರ್ಚಿಯನ್ನು ಅದರ ಎಡಬದಿಗೇ ಎಳೆದುಕೊಂಡು ಕಾವಲು ಕೂತ.

ಮನೆಯಲ್ಲಿ ಕ್ಯಾಸೆಟ್ ಹಾಕಿದಾಗ ಅಕ್ಕಿ ಮುಡಿಗಳೆರಡರಿಂದಲೂ ಒಂದೇ ಸದ್ದು ಬಂತು: ಗುಂಯ್... ಅದರ ಅಡಿಯಲ್ಲಿ ಎಲ್ಲೋ ಯಾರೋ ಏನೋ ಹೇಳುತ್ತಿದ್ದ ಹಾಗಿತ್ತು.

ರತ್ನಾವತಿಯಮ್ಮ ಕಿವಿ ಕೊಟ್ಟು ಕೇಳಿದರು. ಅವರ ಕಿವಿ ಸ್ವಲ್ಪ ಮಂದ. ಬೇಕಾದ್ದಕ್ಕೆ ಮಾತ್ರ ಚುರುಕು. "ಇದು ಬೆಂಗ್ರೆಗೆ ಹೋಗುವ ದೋಣಿಯ ಇಂಜಿನು. ನೀನು ಎಂತ, ಫೆರಿಯಲ್ಲಿ ಕೂತು ಅರ್ಥ ಹೇಳಿದ್ದಾ?"

ಶಶಿಪ್ರಭಾ ನಗು ತಡೆಯಲಾರದೆ ಒಳಗೆ ಹೋದಳು. ಆಳ್ವರು ಕ್ಯಾಸೆಟ್ ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ತನ್ನ ದನಿ ಆ ಗುಂಯ್‌ನ ಅಡಿಯಲ್ಲಿ ಇದೆ. ಅದನ್ನು ಅಮ್ಮನ ಕಿವಿಗೆ ಮುಟ್ಟಿಸದೆ ಬಿಡುವುದಿಲ್ಲವೆಂದು ಮೆಟ್ಟಿಲು ಇಳಿಯುವಾಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿದರು.

ಹಂಪನಕಟ್ಟೆಯ ಹಿಂದಿನ ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುವ ಜಾರ್ಜ್ ಕ್ಯಾಸೆಟ್ ಕೇಳಿ ತಲೆ ಕೆರೆದುಕೊಂಡ. "ಫ್ಯಾನನ್ನು ತೆಗೀಲಿಕ್ಕೆ ಆಗ್ಲಿಕ್ಕಿಲ್ಲ ಆಳ್ವರೇ. ಒತ್ತಿ ಹಿಡೀಲಿಕ್ಕೆ ಆಗ್ತದೆ. ಗ್ರಾಫಿಕ್ ಈಕ್ವಲೈಸರ್ ಅಂತ ಒಂದುಂಟು. ಫಾರಿನ್ನಿನದ್ದು ನಮಗೆ ನಿಮಗೆ ಹೇಳಿದ್ದಲ್ಲ. ನಾನೇ ಜೋಡಿಸಿದ್ದು ಉಂಟು, ನೋಡಿ."

ಜಾರ್ಜ್ ಜೋಡಿಸಿದ್ದು ಕಪ್ಪು ಬಣ್ಣ ಬಳಿದ ಒಂದು ತಗಡಿನ ಪೆಟ್ಟಿಗೆ. ಮುಂಭಾಗದಲ್ಲಿ ಎಡಕ್ಕೆ ಏಳು, ಬಲಕ್ಕೆ ಏಳು, ಮೇಲೆ ಕೆಳಗೆ ಜಾರುವ ಕಡ್ಡಿಗಳು. ಬೇರೆ ಬೇರೆ ಸೆಟ್ಟುಗಳಿಂದ ಕಿತ್ತದ್ದಾದ್ದರಿಂದ ಕೆಲವಕ್ಕೆ ಬಿಳಿ ಟೋಪಿ, ಕೆಲವಕ್ಕೆ ಕಪ್ಪು, ಒಂದಕ್ಕೆ ಟೋಪಿಯೇ ಇರಲಿಲ್ಲ. ನಡುವೆ ಸಾಲು ದೀಪ.

"ದನಿಯನ್ನು ಏಳು ಪಾಲು ಮಾಡ್ತದೆ ಇದು," ಎಂದ ಜಾರ್ಜ್. "ಈ ಕೊನೆಯಲ್ಲಿ ದಪ್ಪ ಸ್ವರ, ಆ ಕೊನೆಯಲ್ಲಿ ಕೀರಲು, ನಡುವೆ ಉಳಿದದ್ದು. ಬೇಕಾದ್ದನ್ನು ಏರಿಸಿ, ಬೇಡದ್ದನ್ನು ಇಳಿಸಿ. ಎಡದ ಬಾಕ್ಸಿನದ್ದು ಎಡಕ್ಕೆ, ಬಲದ್ದು ಬಲಕ್ಕೆ."

ಕುಟುಂಬದ ಪಾಲುಪಟ್ಟಿಯನ್ನೇ ದಾಟಿ ಬಂದ ಆಳ್ವರಿಗೆ ಏಳು ಪಾಲೆಂದರೆ ಹೆದರಿಕೆಯಾಗಲಿಲ್ಲ. ಮಾಡಿನ ಹಂಚು ಬದಲಿಸಲೆಂದು ಇಟ್ಟಿದ್ದ ಬೋನಸ್ಸು ಪೆಟ್ಟಿಗೆಯಾಗಿ ಮನೆಗೆ ಬಂತು. ಶಶಿಪ್ರಭಾ ಅದನ್ನು ಸುತ್ತ ತಿರುಗಿ ನೋಡಿ, "ಮಳೆಗಾಲಕ್ಕೆ ಸೋರಿದರೆ ಇದನ್ನೇ ಮಾಡಿಗೆ ಇಡಿ, ಆಯ್ತಾ," ಎಂದಳು.

ಡೆಕ್ಕಿನ ಬೆನ್ನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಆಂಪ್ಲಿಫೈಯರಿಗೆ ವಯರು ಚುಚ್ಚಿ ಮುಗಿಯುವಾಗ ಗುಣಪಾಲ ಬಂದ. ದುಬೈಯಲ್ಲಿ ಅವನ ರೂಮಿನವನ ಬಳಿ ಇಂಥದ್ದು ಇತ್ತು, ಹಾಗಾಗಿ ಅವನು ಈ ವಿಷಯದಲ್ಲಿ ಪಂಡಿತ.

"ಭಾವ, ಇದಕ್ಕೊಂದು ಕ್ರಮ ಉಂಟು. ಎರಡೂ ತುದಿ ಮೇಲೆ, ನಡು ಕೆಳಗೆ. ನೋಡಿ, ನಗುವ ಬಾಯಿಯ ಹಾಗೆ ಕಾಣ್ಬೇಕು. ಈಕ್ವಲೈಸರ್ ನಗಬೇಕು ಮಾರಾಯ್ರೆ! ದುಬೈಯಲ್ಲಿ ಎಲ್ಲ ಹೀಗೆಯೇ."

ಈಕ್ವಲೈಸರ್ ನಕ್ಕಿತು. ಸಿನಿಮಾ ಹಾಡು ಹಾಕಿದರೆ ತಬಲಾ ಎದೆಗೆ ಬಂದು ಗುದ್ದಿತು, ಗೆಜ್ಜೆ ಕಿವಿಯ ಬಳಿಯೇ ಕಿಣಿಕಿಣಿ ಎಂದಿತು, ಕಪಾಟಿನ ಪಿಂಗಾಣಿ ತಟ್ಟೆಗಳು ತಾಳ ಹಾಕಿದವು. ಮೇಲೆ ಕೆಳಗೆ ಹಾರುವ ಕೆಂಪು ಹಸಿರು ದೀಪ ನೋಡಲು ಓಣಿಯವರೆಲ್ಲ ಬಂದರು. ಆಳ್ವರಿಗೆ ಒಳಗೊಳಗೇ ಹೆಮ್ಮೆಯಾಯಿತು. ಆದರೆ ಅವರು ಹಂಚಿಗೆ ಇಟ್ಟ ಬೋನಸ್ಸು ಸುರಿದದ್ದು ತಬಲಾಕ್ಕೆ ಅಲ್ಲ. ಜನ ಹೋದ ಮೇಲೆ ಜೇಬಿನ ಕ್ಯಾಸೆಟ್ ತೆಗೆದು ಹಾಕಿದರು.

ರತ್ನಾವತಿಯಮ್ಮ ಎರಡು ಕಿವಿಯನ್ನೂ ಮುಚ್ಚಿಕೊಂಡರು. "ದೋಣಿ ಹೋಯ್ತು. ಈಗ ಬಜ್ಪೆಯ ವಿಮಾನ!"

"ಇನ್ನೂ ಸ್ವಲ್ಪ ನಗಿಸುವ," ಎಂದ ಗುಣಪಾಲ.

ಇನ್ನೂ ಸ್ವಲ್ಪ ನಗಿಸಿದರು. ವಿಮಾನ ಚಾವಡಿಯೊಳಗೇ ಇಳಿಯಿತು.

ಅಂದಿನಿಂದ ಆಳ್ವರದ್ದು ಒಂದು ವ್ರತವಾಯಿತು. ಸಂಜೆ ಆಫೀಸಿನ ಬಸ್ಸಿಳಿದು, ಮಿಂದು, ಪೆಟ್ಟಿಗೆಯ ಮುಂದೆ ಮಣೆ ಹಾಕಿ ಕೂರುವುದು; ಒಂದು ಕಡ್ಡಿ ಏರಿಸುವುದು, ಕೇಳುವುದು, ಇಳಿಸುವುದು, ಕೇಳುವುದು. ದೇವರ ಕೋಣೆಯಲ್ಲಿ ಅವರು ಇಷ್ಟು ಹೊತ್ತು ಕೂತದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಬರೀ ಗುಂಯ್ ಕೇಳಿ ಕೇಳಿ ಬೆಕ್ಕು ಮನೆ ಬಿಟ್ಟು ಹೋಯಿತು.

"ನಾನೇ ಹೇಳ್ತೇನೆ ಅತ್ತೆಗೆ, ನೀವು ಚಂದ ಹೇಳಿದ್ರಿ ಅಂತ," ಎಂದಳು ಶಶಿಪ್ರಭಾ, ಕನಿಕರಪಟ್ಟು. "ನಾನು ಅಲ್ಲೇ ಇದ್ದೆನಲ್ಲ, ಕೇಳಿದ್ದೇನೆ."

"ನೀನು ಹೇಳಿದರೆ ಅದು ಸಾಕ್ಷಿ ಆಗ್ತದೆ. ನನಗೆ ಬೇಕಾದ್ದು ತೀರ್ಪು."

"ಎಂತ ಸಾವು ಮಾರಾಯ್ರೆ ನಿಮ್ಮದು!"

ದಾರಿ ಸಿಕ್ಕಿದ್ದು ಮನೆಯಲ್ಲಿ ಅಲ್ಲ, ಆಫೀಸಿನಲ್ಲಿ. ಒಂದು ದಿನ ಹೊರಗೆ ಅದಿರು ತುಂಬುವ ಯಂತ್ರ ಭೋರ್ಗರೆಯುತ್ತಿತ್ತು. ಪಕ್ಕದ ಮೇಜಿನವರು ಕೂಗಿ ಹೇಳಿದ್ದೂ ಆಳ್ವರಿಗೆ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಹಡಗು ನಿಲ್ಲುವ ಧಕ್ಕೆಯಿಂದ ಮೇಸ್ತ್ರಿ ಬೈಯುತ್ತಿದ್ದ. ಒಂದೊಂದು ಬೈಗುಳವೂ ಮುತ್ತು ಪೋಣಿಸಿದ ಹಾಗೆ ಸ್ಪಷ್ಟ. ಆಳ್ವರು ಉತ್ತರ ಕೊಡುವುದನ್ನು ಬಿಟ್ಟು ಫೋನನ್ನೇ ನೋಡುತ್ತಾ ಕುಳಿತರು. ಈ ದನಿಗೆ ಹೊಟ್ಟೆ ಇಲ್ಲ, ನೆತ್ತಿ ಇಲ್ಲ, ಇರುವುದು ಬರೀ ಮೂಗು. ಆದರೂ ಮಾತು ಒಂದೂ ಬಿಡದೆ ಕೇಳುತ್ತದೆ! ಮನುಷ್ಯನ ಮಾತು ಇರುವುದು ನಡುವಿನಲ್ಲಿ. ಗುಣಪಾಲ ಕತ್ತು ಹಿಸುಕಿದ್ದು ಅದೇ ನಡುವನ್ನು.

"ಆಳ್ವರೇ, ಸತ್ತಿರಾ?" ಎಂದು ಮೇಸ್ತ್ರಿ ಕಿರುಚಿದ.

"ಇಲ್ಲ ಮಾರಾಯ, ಈಗ ಹುಟ್ಟಿದೆ," ಎಂದು ಆಳ್ವರು ಫೋನಿಟ್ಟರು.

ಅಂದು ಸಂಜೆ ಮೀಯದೆಯೇ ಮಣೆಗೆ ಕೂತರು. ಎರಡು ತುದಿಯ ಕಡ್ಡಿಗಳನ್ನು ತಳಕ್ಕೆ ಎಳೆದರು, ನಡುವಿನದ್ದನ್ನು ನೆತ್ತಿಗೆ ಏರಿಸಿದರು. ನಗುತ್ತಿದ್ದ ಪೆಟ್ಟಿಗೆ ತುಟಿ ಇಳಿಬಿಟ್ಟು ಅಳುಮೋರೆ ಹಾಕಿತು. ಫ್ಯಾನು ಕುಗ್ಗುತ್ತಾ ಕುಗ್ಗುತ್ತಾ ಒಂದು ಸೊಳ್ಳೆಯಷ್ಟಾಯಿತು. ಅದರ ಹಿಂದಿನಿಂದ, ಡಬ್ಬದೊಳಗೆ ಕೂತು ಮಾತಾಡಿದ ಹಾಗೆ, ಆದರೆ ಅಕ್ಷರ ಅಕ್ಷರವೂ ತಿಳಿಯುವ ಹಾಗೆ, ಒಬ್ಬ ಸೋತ ರಾಜ ಎದ್ದು ಬಂದ. ಅದು ತನ್ನದೇ ದನಿಯೆಂದು ಗುರುತಿಸಲು ಆಳ್ವರಿಗೆ ತುಸು ಹೊತ್ತು ಬೇಕಾಯಿತು.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ತಾಯಿಗೆ ಸುದ್ದಿ ಕಳುಹಿಸುವ ಜಾಗ ಬರುವಾಗ ಇನ್ನೊಂದು ದನಿಯೂ ಎದ್ದು ಬಂತು. ಅದು ಎಲೆಯಡಿಕೆ ಜಗಿಯುತ್ತಿತ್ತು.

"ಒಳಗೆ ಗೋಳಿಬಜೆ ಕಾಯಿಸ್ತಿದ್ದಾರೆ, ಪರಿಮಳ ಬರ್ತಾ ಉಂಟು. ನಮ್ಮ ಭಾವ ಸೋತು ಅರ್ಧ ಗಂಟೆ ಆಯ್ತು, ಇನ್ನೂ ಜೈಲಿಗೆ ಹೋಗುವ ಅಂದಾಜೇ ಇಲ್ಲ!"

"ಇವರಿಗೆ ರಾಜನ ಅರ್ಥ ಕೊಟ್ಟದ್ದು ಯಾರು ಮಾರಾಯ್ರೆ?" ಎಂದು ಮತ್ತೊಬ್ಬ.

"ಉಪ್ಪಿನಂಗಡಿಯ ಬಸ್ಸು."

ಗುಣಪಾಲ! ಕೂಟ ಮುಗಿದ ಕೂಡಲೇ ಬಂದು ಕೈ ಕುಲುಕಿ, "ಭಾವ, ಕಣ್ಣಲ್ಲಿ ನೀರು ಬಂತು" ಎಂದಿದ್ದ ಗುಣಪಾಲ. ನೀರು ಬಂದದ್ದು ಯಾವುದಕ್ಕೆಂದು ಈಗ ತಿಳಿಯಿತು.

ಆಳ್ವರಿಗೆ ಸಿಟ್ಟಿಗಿಂತ ಚಿಂತೆ ಹೆಚ್ಚಾಯಿತು. ಅಮ್ಮ ಇದನ್ನು ಕೇಳಿದರೆ ಗುಣಪಾಲನ ಮಾತೇ ತೀರ್ಪಾಗಿ ನಿಲ್ಲುತ್ತದೆ. ಕಡ್ಡಿ ಏರಿಸಿ ಇಳಿಸಿ ನೋಡಿದರು. ರಾಜನೂ ಗೋಳಿಬಜೆಯೂ ಒಂದೇ ನಡುಮನೆಯಲ್ಲಿ ವಾಸ. ಒಬ್ಬನನ್ನು ಹೊರಗೆ ಹಾಕಿದರೆ ಇನ್ನೊಬ್ಬನೂ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದ. ಮತ್ತೆ ನಾಲ್ಕಾರು ಸಂಜೆ ಹೋದವು. ಕೊನೆಗೆ ಒಂದು ದಿನ ಸೋತು ಗೋಡೆಗೆ ಒರಗಿದಾಗ, ತಲೆ ಎಡದ ಸ್ಪೀಕರಿನ ಪಕ್ಕಕ್ಕೆ ಬಂತು. ಗುಣಪಾಲ ಕಿವಿಯೊಳಗೇ ಜಗಿದ. ಬಲದ ಸ್ಪೀಕರಿನತ್ತ ಬಾಗಿದರೆ ರಾಜ. ಗುಣಪಾಲ ಕಾವಲು ಕೂತದ್ದು ಯಂತ್ರದ ಎಡಬದಿಗಲ್ಲವೇ! ಎಡದ ಕಡ್ಡಿ ಏಳನ್ನೂ ಆಳ್ವರು ಒಂದೇ ಏಟಿಗೆ ಕೆಳಗೆ ಒತ್ತಿದರು. ಗೋಳಿಬಜೆ ನಿಂತಿತು. ರಾಜ ಸ್ವಲ್ಪ ಬಡವಾದ, ಆದರೆ ಒಬ್ಬನೇ ಉಳಿದ.

ಆ ಭಾನುವಾರ ಕೂಟವಿರಲಿಲ್ಲ, ಮನೆಯಲ್ಲಿ ಗುಣಪಾಲನಿಗೆ ಬೀಳ್ಕೊಡುಗೆಯ ಊಟ. ಕೋರಿ ರೊಟ್ಟಿ ಉಂಡು ಅವನು ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಇದೇ ಹೊತ್ತೆಂದು ಆಳ್ವರು ತಾಯಿಯನ್ನು ಚಾವಡಿಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಕ್ಯಾಸೆಟ್ ಹಾಕಿದರು.

ರತ್ನಾವತಿಯಮ್ಮ ಎಲೆಯಡಿಕೆ ಕುಟ್ಟುತ್ತಾ ಕೇಳತೊಡಗಿದರು. ಕುಟ್ಟುವುದು ನಿಧಾನವಾಯಿತು. ಆಮೇಲೆ ನಿಂತಿತು. ಶಶಿಪ್ರಭಾ ಬಾಗಿಲಿಗೆ ಬಂದು ನಿಂತಳು.

ರಾಜ ದೂತನನ್ನು ಕರೆಯುವ ಹೊತ್ತಿಗೆ ಗುಣಪಾಲ ಎದ್ದು, ಮುಂಡು ಸರಿಮಾಡಿಕೊಳ್ಳುತ್ತಾ ಚಾವಡಿಗೆ ಬಂದ. ಪೆಟ್ಟಿಗೆ ಕಂಡು ಅವನಿಗೆ ನಿದ್ದೆ ಹಾರಿತು. ಒಂದು ಬದಿ ಪೂರ್ತಿ ನೆಲಕ್ಕೆ, ಇನ್ನೊಂದು ಬದಿ ಅಳುಮೋರೆ.

"ಇದೆಂತ ಭಾವ, ಮೆಷಿನಿಗೆ ಪಕ್ಷವಾತ ಹೊಡೆದಿದೆಯಾ? ಎಡದ ಬಾಕ್ಸ್ ಸತ್ತೇ ಹೋಗಿದೆ!"

"ಮುಟ್ಟಬೇಡಿ ಭಾವ."

"ಸ್ಟೀರಿಯೋ ಅಂದರೆ ಎರಡೂ ಸಮ ಇರಬೇಕು ಮಾರಾಯ್ರೆ. ನಾನೇ ತಂದುಕೊಟ್ಟ ಸೆಟ್ಟು, ಮಾಮಿ ಅರ್ಧ ಕೇಳುವುದಾ?"

"ಗುಣಪಾಲ ಭಾವ, ನಿಮ್ಮ ಒಳ್ಳೆಯದಕ್ಕೆ ಹೇಳ್ತಿದ್ದೇನೆ—"

ಆದರೆ ಪಂಡಿತನ ಕೈ ಆಗಲೇ ಕಡ್ಡಿಗಳ ಮೇಲಿತ್ತು. ಬಲಕ್ಕೆ ಹೇಗಿದೆಯೋ ಹಾಗೆಯೇ ಎಡಕ್ಕೂ ಜೋಡಿ ಮಾಡಿ ಗುಣಪಾಲ ಹೆಮ್ಮೆಯಿಂದ ಹಿಂದೆ ಸರಿದ.

ಬಲದ ಸ್ಪೀಕರು ಹೇಳಿತು: "ದೂತನೇ, ನನ್ನ ತಾಯಿಯ ಬಳಿಗೆ ಹೋಗು. ಮಗ ರಾಜ್ಯ ಕಳೆದುಕೊಂಡ ಎನ್ನು..."

ಎಡದ ಸ್ಪೀಕರು ಹೇಳಿತು: "ಒಳಗೆ ಗೋಳಿಬಜೆ ಕಾಯಿಸ್ತಿದ್ದಾರೆ..."

ಗುಣಪಾಲನ ಮುಖ ಎಡದ ಸ್ಪೀಕರನ್ನು ನೋಡಿತು, ಆಳ್ವರನ್ನು ನೋಡಿತು, ಹೊರಗಿನ ಗೇಟನ್ನು ನೋಡಿತು. ಬಸ್ಸಿನ ಮಾತೂ ಬಂತು. ಅವನು ಕಡ್ಡಿಗಳ ಕಡೆಗೆ ಹಾರಿದ.

"ಮುಟ್ಟಬೇಡ!" ಎಂದರು ರತ್ನಾವತಿಯಮ್ಮ. "ಅಲ್ಲಿಯೂ ಮಾತಾಡಿದ್ದೀ, ಇಲ್ಲಿಯೂ ಮಾತಾಡ್ತೀ. ಕೂತ್ಕೋ."

ಗುಣಪಾಲ ಸ್ಟೀರಿಯೋದ ಪಕ್ಕದಲ್ಲಿ ನೆಲದ ಮೇಲೆಯೇ ಕೂತ. ಗೋಳಿಬಜೆಯ ಮಾತು ನಡೆಯುತ್ತಲೇ ಇತ್ತು. ಅದರ ಮೇಲಿನಿಂದ ರಾಜ ಹೇಳಿ ಮುಗಿಸಿದ: "...ರಾಜ್ಯ ಕಳೆದುಕೊಂಡ ಎನ್ನು. ಆದರೆ ನೀನು ಕಲಿಸಿದ ಮಾತು ಕಳೆದುಕೊಳ್ಳಲಿಲ್ಲ ಎನ್ನು. ಅವಳು ನಂಬದಿದ್ದರೆ ಮತ್ತೊಮ್ಮೆ ಹೇಳು. ನಂಬುವವರೆಗೆ ಹೇಳು."

ಚಪ್ಪಾಳೆ, ಚೆಂಡೆ, ಸೊಳ್ಳೆಯಂಥ ಫ್ಯಾನು. ಕ್ಯಾಸೆಟ್ ಟಕ್ಕೆಂದು ನಿಂತಿತು.

"ಎಡಗಡೆಯದ್ದನ್ನು ಯಾಕೆ ಮುಚ್ಚಿಟ್ಟಿದ್ದೆ?" ಎಂದು ಕೇಳಿದರು ರತ್ನಾವತಿಯಮ್ಮ.

"ನಿಮಗೆ ಅರ್ಥ ಕೇಳ್ಲಿ ಅಂತ ಅಮ್ಮಾ..."

"ಮಂಗ! ನನ್ನ ಅಣ್ಣ ಅರ್ಥ ಹೇಳುವಾಗಲೂ ಮುಂದಿನ ಸಾಲಿನಲ್ಲಿ ಊಟದ ಮಾತೇ. ಆ ಸಾಲಿನವರು ಸುಮ್ಮನೆ ಕೂರುವುದು ಯಾವ ಕಾಲಕ್ಕೂ ಇಲ್ಲ. ಅದರ ಮೇಲಿಂದ ಕೇಳಿದರೆ ಮಾತ್ರ ದನಿ. ಇಲ್ಲದಿದ್ದರೆ ಖಾಲಿ ಕೋಣೆಯಲ್ಲಿ ಬೆಕ್ಕಿಗೂ ದನಿ ಉಂಟು." ಕುಟ್ಟಾಣಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಕೇಳಿತು. ದನಿ ಉಂಟು. ಉದ್ದ ಜಾಸ್ತಿ, ಅದನ್ನು ಗುಣಪಾಲ ಹೇಳಿದ್ದು ಸರಿ."

ಗುಣಪಾಲ ತಲೆ ಎತ್ತಿದ. "ನಾನು ತಮಾಷೆಗೆ ಹೇಳಿದ್ದು ಮಾಮಿ..."

"ಗೋಳಿಬಜೆ ಹೇಗಿತ್ತು?"

"ತಣ್ಣಗಾಗಿತ್ತು," ಎಂದ ಗುಣಪಾಲ, ಸತ್ಯವನ್ನೇ.

ರತ್ನಾವತಿಯಮ್ಮ ಮಗನ ಕಡೆ ತಿರುಗಿದರು. "ಮುಂದಿನ ಕೂಟ ಯಾವಾಗ?"

"ಬರುವ ಭಾನುವಾರ. ಆದರೆ ಅಮ್ಮಾ, ರಾಜನ ಅರ್ಥದವರ ಬಸ್ಸು ರಿಪೇರಿ ಆಗಿದೆ. ನಾನು ದೂತ."

ರತ್ನಾವತಿಯಮ್ಮ ಎರಡು ಸಲ ಕುಟ್ಟಿದರು. ಅಡಿಕೆ ನುರಿಯಿತೋ ಇಲ್ಲವೋ ಎಂದು ಬಗ್ಗಿ ನೋಡಿದರು.

"ರಿಕ್ಷಾ ಹೇಳು. ಆ ಫ್ಯಾನನ್ನು ಭಾಗವತರಿಗೆ ವಾಪಸು ಕೊಡ್ಲಿಕ್ಕೂ ಹೇಳು."

ಇಪ್ಪತ್ತು ವರ್ಷದ ಅಭ್ಯಾಸ. ಆಳ್ವರ ಕೈ ತಾನಾಗಿಯೇ ಮುಗಿಯಿತು. "ಅಪ್ಪಣೆ," ಎಂದರು. ಒಳಗೆ ಅಡುಗೆಮನೆಗೆ ಹೊರಟಿದ್ದ ಶಶಿಪ್ರಭಾ ಅಲ್ಲಿಂದಲೇ ತಿರುಗಿ ನೋಡಿದಳು. ಅಷ್ಟು ದೂರಕ್ಕೂ ಕೇಳಿಸಿತ್ತು.